ಗಡಿ ದಾಟಿಸಿದ ಮಾರಿ, ಗಡಿ ಅರಿಯದ ನೀರು

(ಉಪನ್ಯಾಸದ ಬರಹ ರೂಪ)

ಊರಿಗೆ ಜಾಡ್ಯ ಬಂತೆಂದರೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿಂದೆ ಮೊದಲು ಕೇಳಿಬರುತ್ತಿದ್ದುದು ತಮಟೆಯ ಸದ್ದು. ಮಾರಮ್ಮನಿಗೆ ಬೇವಿನ ಸೊಪ್ಪು, ಅರಿಶಿನ, ಮೊಸರನ್ನದ ಎಡೆ ಇಟ್ಟು 'ತಂಪು' ಮಾಡುತ್ತಿದ್ದರು. ಆಮೇಲೆ ಮಾರಿಯನ್ನು ಮೆರವಣಿಗೆಯಲ್ಲಿ ಕೊಂಡೊಯ್ದು ಊರ ಗಡಿಯಾಚೆ ಬಿಟ್ಟು, ಹಿಂತಿರುಗಿ ನೋಡದೆ ಬರುತ್ತಿದ್ದರು. ಬೆಳಗಾದ ಮೇಲೆ ಪಕ್ಕದ ಊರಿನವರು ತಮ್ಮ ಎಲ್ಲೆಯಲ್ಲಿ ಬಂದು ನಿಂತ ಮಾರಿಯನ್ನು ಕಂಡು, ತಾವೂ ಪೂಜೆ ಸಲ್ಲಿಸಿ ಮುಂದಿನ ಊರಿಗೆ ಸಾಗಿಸುತ್ತಿದ್ದರು. ಹೀಗೆ ಮಾರಿ ಊರಿಂದೂರಿಗೆ ನಡೆಯುತ್ತಿದ್ದಳು, ಜಾಡ್ಯವೂ ನಡೆಯುತ್ತಿತ್ತು.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಆಚರಣೆಯೊಳಗೆ ಒಂದು ತಿಳಿವಳಿಕೆ ಅಡಗಿತ್ತು. ವಾಂತಿಭೇದಿ ಎಂಬುದು ಒಬ್ಬನ ಹೊಟ್ಟೆಗೆ ಬಂದ ಕಾಯಿಲೆಯಾಗಿ ಮುಗಿಯುವುದಿಲ್ಲ, ಅದು ಊರಿಗೆ ಬರುವ ಕಾಯಿಲೆ; ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ, ಅದರ ಹರಡುವಿಕೆಗೆ ಒಂದು ಎಲ್ಲೆ ಇದೆ ಎಂಬುದನ್ನು ಹಳ್ಳಿಗರು ಕಂಡುಕೊಂಡಿದ್ದರು. ಇಂದಿನ ಸಾಂಕ್ರಾಮಿಕ ರೋಗವಿಜ್ಞಾನ ಕೇಳುವುದೂ ಇದನ್ನೇ: ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು? ಹಿರಿಯರು ತಪ್ಪಿದ್ದು ಗಡಿಯನ್ನು ಎಲ್ಲಿ ಎಳೆಯಬೇಕು ಎಂಬುದರಲ್ಲಿ. ಭೇದಿಯ ರೋಗಾಣುವಿಗೆ ಊರ ಗಡಿಕಲ್ಲು ಕಾಣುವುದಿಲ್ಲ. ಅದರ ಗಡಿ ನೀರಿನ ಗಡಿ. ಒಂದು ಬಾವಿಯ, ಒಂದು ಕೊಳವೆಯ, ಒಂದು ಬಿಂದಿಗೆಯ ಗಡಿ. ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬಹುದು.

ಮೂರು ಹೊಳೆಗಳ ನಾಡು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ — ಇವು ಹುಣಸೂರು ಉಪವಿಭಾಗದ ತಾಲ್ಲೂಕುಗಳು. ಇವುಗಳಿಂದ ಒಡೆದು ಈಗ ಸಾಲಿಗ್ರಾಮ, ಸರಗೂರುಗಳೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಕಾಡು ಮತ್ತು ಬಯಲು ಸಂಧಿಸುವ ಸೀಮೆ ಇದು. ಕೊಡಗಿನಿಂದ ಇಳಿದ ಕಾವೇರಿ ಪಿರಿಯಾಪಟ್ಟಣದ ಅಂಚನ್ನು ಸವರಿ ಕೃಷ್ಣರಾಜನಗರದ ಚುಂಚನಕಟ್ಟೆಯಲ್ಲಿ ಧುಮುಕುತ್ತಾಳೆ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ ಹನಗೋಡು ಅಣೆಕಟ್ಟೆಯನ್ನು ದಾಟಿ ಹುಣಸೂರು ಪಟ್ಟಣದ ನಡುವೆಯೇ ಹರಿಯುತ್ತದೆ. ವಯನಾಡಿನಿಂದ ಬರುವ ಕಪಿಲೆ, ಅಂದರೆ ಕಬಿನಿ, ಹೆಗ್ಗಡದೇವನಕೋಟೆಯಲ್ಲಿ 1974ರಲ್ಲಿ ಮುಗಿದ ಜಲಾಶಯದಲ್ಲಿ ನಿಲ್ಲುತ್ತದೆ.

ಹೊಳೆ, ನಾಲೆ, ಕೆರೆ, ಸೇದುವ ಬಾವಿ — ಈ ನಾಡಿನ ಜನ ತಲೆಮಾರುಗಳ ಕಾಲ ಕುಡಿದ ನೀರು ಇವುಗಳದು. ಅದೇ ಹೊಳೆಯಲ್ಲಿ ಎಮ್ಮೆ ಮೈ ತೊಳೆದರು, ಅದೇ ನಾಲೆಯಲ್ಲಿ ಬಟ್ಟೆ ಒಗೆದರು, ಅದೇ ಕೆರೆಯ ಏರಿಯ ಹಿಂದೆ ಬಯಲಿಗೆ ಹೋದರು. ಮುಂಗಾರಿನ ಮೊದಲ ಮಳೆ ಬಯಲಿನ ಹೊಲಸನ್ನೆಲ್ಲ ತೊಳೆದು ತಗ್ಗಿಗೆ ತರುತ್ತದೆ. ತಗ್ಗಿನಲ್ಲಿ ಇರುವುದು ಕೆರೆ, ಬಾವಿ. ಬೇಸಿಗೆಯಲ್ಲಿ ಇನ್ನೊಂದು ಸಂಕಟ: ನೀರು ಬತ್ತಿ ಉಳಿದೊಂದು ಬಾವಿಗೆ ಊರೆಲ್ಲ ಮುಗಿಬೀಳುತ್ತದೆ. ಹೊಸ ಮಳೆಯ ಹೊತ್ತಿಗೂ ಬರದ ಹೊತ್ತಿಗೂ ಭೇದಿ ಹೆಚ್ಚುವುದಕ್ಕೆ ಇದೇ ಕಾರಣ. ಮೇಲಿನ ಊರಿನ ಕೊಳೆ ಕೆಳಗಿನ ಊರಿನ ಕುಡಿಯುವ ನೀರಾಗುವುದು ಹೊಳೆಯ ದಂಡೆಯ ಎಲ್ಲ ನಾಡುಗಳ ಹಣೆಬರಹ.

ದಾರಿ ಹಿಡಿದು ಬಂದ ರೋಗ

ಭೇದಿ ಹಳೆಯದು, ಆದರೆ 'ಕಾಲರಾ' ಎಂಬ ಹೆಸರು ಹೊತ್ತು ಲೋಕವನ್ನೇ ನಡುಗಿಸಿದ ಪಿಡುಗಿಗೆ ಒಂದು ಇಸವಿ ಇದೆ. 1817ರಲ್ಲಿ ಬಂಗಾಳದ ಜೆಸ್ಸೋರ್ ಸೀಮೆಯಲ್ಲಿ ಎದ್ದ ಅದು ಕಂಪನಿಯ ದಂಡು, ಯಾತ್ರಿಕರು, ವ್ಯಾಪಾರಿಗಳ ಜೊತೆಗೆ ನಡೆದು ಮರುವರ್ಷ ದಕ್ಷಿಣವನ್ನು ಮುಟ್ಟಿತು. ಮುಂದೆ ಸಮುದ್ರ ದಾಟಿ ಯೂರೋಪು, ಅಮೆರಿಕಗಳಿಗೂ ಹೋಯಿತು. ಬಡವರ ಕಾಯಿಲೆ ಎಂದು ಎಣಿಸಿದವರಿಗೆ ಅದು ಬೇರೆಯೇ ಪಾಠ ಕಲಿಸಿತು. ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ 1827ರ ಜುಲೈನಲ್ಲಿ ತಾನು ಹಿಂದೆ ಆಳಿದ ದತ್ತ ಮಂಡಲದ ಜನರನ್ನು ಕಂಡುಬರಲು ಹೊರಟವನು ದಾರಿಯಲ್ಲಿ, ಪತ್ತಿಕೊಂಡದಲ್ಲಿ, ಇದೇ ವಾಂತಿಭೇದಿಗೆ ತುತ್ತಾದ.

ರೋಗ ದಾರಿ ಹಿಡಿದು ನಡೆಯುತ್ತದೆ ಎಂದಾಗ ಹುಣಸೂರಿನ ನೆನಪಾಗುವುದು ಸಹಜ. ಮೈಸೂರಿನಿಂದ ಕೊಡಗಿಗೂ ಮಲಬಾರಿಗೂ ಹೋಗುವ ದಾರಿಯ ಮೇಲಿನ ಊರು ಅದು. 19ನೆಯ ಶತಮಾನದಲ್ಲಿ ಅಮೃತ ಮಹಲ್ ದನಗಳ ಕೇಂದ್ರ, ದಂಡಿಗೆ ಬೇಕಾದ ಚರ್ಮದ ಸಾಮಾನು ತಯಾರಾಗುತ್ತಿದ್ದ ಸ್ಥಳ. ಗಾಡಿ ತಂಗುವ ಕಡೆ ಬಾವಿ, ಬಾವಿಯ ಸುತ್ತ ನೂರು ಊರಿನ ಜನ. ಸಂಕ್ರಾಂತಿಯ ಹೊತ್ತಿಗೆ ದನಗಳ ಜಾತ್ರೆ ನೆರೆಯುವ ಚುಂಚನಕಟ್ಟೆಯಂಥ ಕಡೆಗಳಲ್ಲೂ ಹಾಗೆಯೇ: ಕೆಲವು ದಿನಗಳ ಮಟ್ಟಿಗೆ ಹೊಳೆಯ ದಂಡೆಯ ಮೇಲೆ ಒಂದು ಪಟ್ಟಣವೇ ಏಳುತ್ತದೆ. ರೋಗಾಣುವಿಗೆ ಬೇಕಾದದ್ದು ಇಂಥ ಕೂಡುನೆಲ. ಜಾತ್ರೆ, ಪರಿಷೆಗಳಲ್ಲಿ ಕಾಲರಾ ಚುಚ್ಚುಮದ್ದು ಹಾಕಿಸುವ ಪದ್ಧತಿ ಬಹಳ ಕಾಲ ನಡೆದುಬಂದುದಕ್ಕೆ ಹಿನ್ನೆಲೆ ಇದು.

ಹಳಬರಿಗೆ ಇನ್ನೊಂದು ಉಪಾಯವೂ ಗೊತ್ತಿತ್ತು. ಊರಿಗೆ ಊರೇ ಮನೆ ಬೀಗ ಹಾಕಿ ಹೊಲ, ತೋಪುಗಳಲ್ಲಿ ಬಿಡಾರ ಮಾಡುವುದು. ಕೆಲವು ಕಡೆ ಇಂದಿಗೂ 'ಹೊರಬೀಡು' ಎಂಬ ಹೆಸರಿನಲ್ಲಿ ಒಂದು ದಿನದ ಆಚರಣೆಯಾಗಿ ಅದು ಉಳಿದಿದೆ. ಊರು ಬಿಟ್ಟವರು ಊರಿನ ಕೆಟ್ಟ ಬಾವಿಯನ್ನೂ ಬಿಟ್ಟಂತಾಗುತ್ತಿತ್ತು. ನೀರಿನ ಮೂಲ ಬದಲಾದರೆ ರೋಗ ಇಳಿಯುತ್ತದೆ. ದೇವಿ ಶಾಂತಳಾದಳೆಂದು ಜನ ನಂಬಿದರು. ಕೆಲಸ ಸರಿಯಾಗಿತ್ತು, ಕಾರಣ ಬೇರೆ ಇತ್ತು.

ಒಂದು ಪಂಪು, ಒಂದು ನಕ್ಷೆ

ಕಾರಣವನ್ನು ಹಿಡಿದುಕೊಟ್ಟದ್ದು ಲಂಡನ್ ನಗರದ ಒಂದು ಬೀದಿ. 1854ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟ್ ಸುತ್ತ ಹತ್ತು ದಿನಗಳಲ್ಲಿ ಸುಮಾರು 500 ಮಂದಿ ಕಾಲರಾದಿಂದ ಸತ್ತರು. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ವೈದ್ಯಲೋಕ ನಂಬಿದ್ದ ಕಾಲ ಅದು. ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಹೋದ. ಸಾವುಗಳೆಲ್ಲ ಒಂದು ಬೀದಿ ಪಂಪಿನ ಸುತ್ತ ಗುಂಪುಗೂಡಿದ್ದವು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಆಳುಗಳು ಪಂಪಿನ ನೀರನ್ನು ಮುಟ್ಟುತ್ತಿರಲಿಲ್ಲ; ಅವರು ಉಳಿದರು. ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ಹೆಂಗಸು ರುಚಿಗೆಂದು ಅದೇ ಪಂಪಿನ ನೀರನ್ನು ತರಿಸಿಕೊಂಡು ಕುಡಿದಳು, ಅವಳು ಸತ್ತಳು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿದರು. ಭೇದಿಯಾಗಿದ್ದ ಒಂದು ಕೂಸಿನ ಬಟ್ಟೆ ತೊಳೆದ ನೀರು ಪಕ್ಕದ ಗುಂಡಿಯಿಂದ ಬಾವಿಗೆ ಜಿನುಗಿತ್ತೆಂಬುದು ಆಮೇಲೆ ತಿಳಿಯಿತು.

ಸ್ನೋ ರೋಗಾಣುವನ್ನು ಕಣ್ಣಾರೆ ಕಂಡವನಲ್ಲ. ಅದೇ 1854ರಲ್ಲಿ ಇಟಲಿಯ ಫಿಲಿಪ್ಪೊ ಪಾಚಿನಿ ಅದನ್ನು ಸೂಕ್ಷ್ಮದರ್ಶಕದಡಿ ಕಂಡಿದ್ದ, ಯಾರೂ ಕಿವಿಗೊಡಲಿಲ್ಲ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಗೆ ಬಂದು ಅದನ್ನು ಬೇರ್ಪಡಿಸಿ ಬೆಳೆಸಿದ. ರೋಗ ಎದ್ದ ಕೇರಿಯ ಕೊಳದ ನೀರಿನಲ್ಲೂ ಅದೇ ಜೀವಿ ಅವನಿಗೆ ಸಿಕ್ಕಿತು. ಜನ ಮೀಯುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಕುಡಿಯುತ್ತಿದ್ದ ಕೊಳ ಅದು. ನಮ್ಮ ಯಾವುದೇ ಊರಿನ ಕಟ್ಟೆಯಂತೆಯೇ.

ಭೇದಿ ಒಂದು, ಜೀವಿಗಳು ಹಲವು

ಕಾಲರಾ ಬರಿಸುವ ವಿಬ್ರಿಯೊ ಕಾಲರೆ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಜೀವಿ. ಅದು ಹಿಡಿದವರ ಭೇದಿಯನ್ನು ವೈದ್ಯಗ್ರಂಥಗಳು ಅಕ್ಕಿ ತೊಳೆದ ನೀರಿಗೆ ಹೋಲಿಸುತ್ತವೆ. ನಮ್ಮ ಮಾತಿನಲ್ಲಿ ಅಕ್ಕಚ್ಚು. ಜಪಾನಿನ ಕಿಯೋಶಿ ಶಿಗಾ 1897ರಲ್ಲಿ ಕಂಡುಹಿಡಿದ ಶಿಗೆಲ್ಲ ಕರುಳಿನ ಗೋಡೆಯನ್ನೇ ಹೊಕ್ಕು ರಕ್ತಭೇದಿ ತರುತ್ತದೆ. ಆಮಶಂಕೆ ಎನ್ನುವುದರಲ್ಲಿ ಒಂದು ಬಗೆ ಇದು. ಇ. ಕೋಲಿ ಎಂಬುದು ಎಲ್ಲರ ಕರುಳಿನಲ್ಲೂ ತಣ್ಣಗೆ ಬಾಳುವ ಜೀವಿ. ಆದರೆ ಅದರ ಕೆಲವು ದುಷ್ಟ ತಳಿಗಳು ಎಳೆಯ ಮಕ್ಕಳಿಗೆ ನೀರುಭೇದಿ ತರುತ್ತವೆ. ಕೆಟ್ಟ ಮಾಂಸ, ಮೊಟ್ಟೆ, ಹಾಲಿನ ಮೂಲಕ ಬರುವ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್‌ಗಳೂ ಇದೇ ಸಾಲಿನವು. ಮಕ್ಕಳ ಭೇದಿಯಲ್ಲಿ ವೈರಸ್ಸುಗಳ ಪಾಲೂ ದೊಡ್ಡದು. ಅವುಗಳಲ್ಲಿ ಮುಖ್ಯವಾದ ರೋಟಾ ವೈರಸ್ಸಿಗೆ 2016ರಿಂದ ಭಾರತದ ಲಸಿಕೆ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಇವು ಹರಡುವ ರೀತಿ ಬೇರೆ ಬೇರೆ. ಆರೋಗ್ಯವಂತನೊಬ್ಬನಿಗೆ ಕಾಲರಾ ಹಿಡಿಯಲು ಸಾಮಾನ್ಯವಾಗಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಜೀವಿಗಳು ಹೊಟ್ಟೆಗೆ ಹೋಗಬೇಕು. ಜಠರದ ಹುಳಿ ಬಹುಪಾಲನ್ನು ಕೊಲ್ಲುತ್ತದೆ. ಹಾಗಾಗಿ ಅದಕ್ಕೆ ನೀರಿನಂಥ ದೊಡ್ಡ ವಾಹನ ಬೇಕು. ಶಿಗೆಲ್ಲಕ್ಕಾದರೋ ಹತ್ತರಿಂದ ನೂರು ಜೀವಿಗಳು ಸಾಕು. ಸರಿಯಾಗಿ ತೊಳೆಯದ ಒಂದು ಕೈ, ಒಂದು ನೊಣ, ಬಿಂದಿಗೆಗೆ ಅದ್ದಿದ ಒಂದು ಲೋಟ ಅದಕ್ಕೆ ಧಾರಾಳವಾಯಿತು.

ಈ ವ್ಯತ್ಯಾಸವೇ ರೋಗದ ನಕ್ಷೆಯಲ್ಲಿ ಮೂಡುತ್ತದೆ. ಒಂದು ಊರಿನಲ್ಲಿ ಎರಡೇ ದಿನಗಳಲ್ಲಿ ಮೂವತ್ತು ಜನ ಮಲಗಿದರು, ಅವರೆಲ್ಲ ಒಂದೇ ಕೊಳವೆಯ ಸಾಲಿನವರು, ಮುದುಕರು ಮಕ್ಕಳೆಂಬ ಭೇದವಿಲ್ಲ ಎಂದಿಟ್ಟುಕೊಳ್ಳಿ. ಅಲ್ಲಿ ಮೊದಲು ನೋಡಬೇಕಾದದ್ದು ಆ ಕೊಳವೆಯನ್ನು. ಇನ್ನೊಂದು ಊರಿನಲ್ಲಿ ವಾರಕ್ಕಿಷ್ಟು ಎಂದು ಮನೆಯಿಂದ ಮನೆಗೆ ನಿಧಾನವಾಗಿ ಹಬ್ಬಿತು, ಒಂದು ಮನೆಯಲ್ಲಿ ಬಂದ ಮೇಲೆ ಆ ಮನೆಯ ಕೂಸುಗಳಿಗೆಲ್ಲ ಬಂತು ಎಂದಿಟ್ಟುಕೊಳ್ಳಿ. ಅಲ್ಲಿ ಕೈ, ಪಾತ್ರೆ, ಕಕ್ಕಸುಗಳ ಕಡೆ ಕಣ್ಣು ಹೋಗಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಊರಿನ ಕೈನಕ್ಷೆ, ಒಂದು ಪೆನ್ಸಿಲು, ಪ್ರತಿ ಮನೆಗೂ ಹೋಗಿ ಕೇಳುವ ಒಬ್ಬ ಆಶಾ ಕಾರ್ಯಕರ್ತೆ ಸಾಕು. ಆದರೆ ಪ್ರಯೋಗಾಲಯದ ವರದಿ ಬರಲೆಂದು ಕಾದು ಕುಳಿತರೆ ಅಷ್ಟರಲ್ಲಿ ಇನ್ನಷ್ಟು ಬಿಂದಿಗೆ ತುಂಬಿರುತ್ತದೆ.

ನೀರು ಕೊಟ್ಟರೆ ಸಾಯುತ್ತದೆಯೆ?

ಭೇದಿಯಾದ ಮಗುವಿಗೆ ನೀರು ಕೊಡಬಾರದು, ಹೊಟ್ಟೆ ಒಣಗಿಸಿದರೆ ಭೇದಿ ತಾನೇ ಕಟ್ಟುತ್ತದೆ ಎಂಬ ನಂಬಿಕೆ ಈ ನಾಡಿನಲ್ಲಿ ಬಲವಾಗಿತ್ತು. ಪೂರ್ತಿ ಹೋಗಿದೆಯೆಂದು ಹೇಳಲಾಗದು. ರೋಗಾಣುವಿಗಿಂತ ಹೆಚ್ಚು ಮಕ್ಕಳನ್ನು ಕೊಂದದ್ದು ಈ ನಂಬಿಕೆಯೇ ಇರಬೇಕು.

ಏಕೆಂದರೆ ಇಲ್ಲಿ ಸಾವು ಬರುವುದು ನೀರು ಬತ್ತಿ. ಕಲ್ಕತ್ತೆಯ ಶಂಭುನಾಥ್ ದೇ 1959ರಲ್ಲಿ ತೋರಿಸಿದಂತೆ ಕಾಲರಾ ಜೀವಿ ಒಂದು ನಂಜನ್ನು ಸುರಿಸುತ್ತದೆ. ಆ ನಂಜು ಕರುಳಿನ ಕೋಶಗಳಿಂದ ಉಪ್ಪನ್ನೂ ನೀರನ್ನೂ ಹೊರಗೆ ಹರಿಸುತ್ತದೆ. ಗಟ್ಟಿಮುಟ್ಟಾದ ಆಳು ಬೆಳಗಿನಿಂದ ಸಂಜೆಯೊಳಗೆ ಒಣಗಿಹೋಗುತ್ತಾನೆ. ಆದರೆ ಒಂದು ಬಾಗಿಲು ಮುಚ್ಚಿರುವುದಿಲ್ಲ. ಸಕ್ಕರೆಯ ಅಂಶ ಮತ್ತು ಉಪ್ಪು ಜೊತೆಯಾಗಿ ಬಂದರೆ ಕರುಳು ಆಗಲೂ ಅವನ್ನು ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ.

ಇದನ್ನು ಬಯಲಿನಲ್ಲಿ ಪರೀಕ್ಷೆಗೆ ಒಡ್ಡಿದವರು ದಿಲೀಪ್ ಮಹಾಲನಬಿಸ್. 1971ರ ಬಾಂಗ್ಲಾ ಯುದ್ಧದಲ್ಲಿ ಬನ್‌ಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಎದ್ದಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಅವರು ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ಪೊಟ್ಟಣಗಳನ್ನು ಮಾಡಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ನೀಡಿತು.

ಆ ಪೊಟ್ಟಣದ ಮುಂದಿನ ರೂಪವೇ ಇಂದು ಅಂಗನವಾಡಿಯಲ್ಲೂ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಇರುವ ಓಆರ್‌ಎಸ್, 'ಜೀವಜಲ'. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಸಮನಾದ ಚಮಚದ್ದಿರಬೇಕು. ಉಪ್ಪು ಹೆಚ್ಚಾದರೆ ಅಪಾಯ. ಉಪ್ಪು ಹಾಕಿದ ಅಕ್ಕಿ ಗಂಜಿ, ನೀರು ಮಜ್ಜಿಗೆಗಳೂ ನಡೆಯುತ್ತವೆ. ನಮ್ಮ ಅಜ್ಜಿಯರ ಗಂಜಿಯಲ್ಲಿ ಈ ವಿಜ್ಞಾನ ಇತ್ತು. 'ನೀರು ಬೇಡ' ಎಂಬ ಮಾತು ಅದನ್ನು ಮಗುವಿನ ಬಾಯಿಗೆ ಹೋಗಗೊಡಲಿಲ್ಲ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಜೊತೆಗೆ ಹದಿನಾಲ್ಕು ದಿನ ಜಿಂಕ್ ಮಾತ್ರೆ ಕೊಟ್ಟರೆ ಭೇದಿ ಬೇಗ ಇಳಿಯುತ್ತದೆ. ಬಹುಪಾಲು ನೀರುಭೇದಿಗೆ ಆಂಟಿಬಯಾಟಿಕ್ ಬೇಕಿಲ್ಲ. ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಿಸುವ ಅಭ್ಯಾಸದಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಿವೆ. ಆದರೆ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ನಾಲಗೆ ಒಣಗಿದರೆ, ಮಗು ಕುಡಿಯಲಾರದೆ ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಈ ಕೊನೆಯ ಮಾತು ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಬಹಳ ಭಾರವಾದದ್ದು. ಜೇನುಕುರುಬರ, ಕಾಡುಕುರುಬರ ಹಾಡಿಗಳಿಂದ ಆಸ್ಪತ್ರೆಗೆ ಇರುವ ದೂರವೇ ಅಲ್ಲಿ ಒಂದು ರೋಗ. ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಬ್ರಹ್ಮಗಿರಿ ಹಾಡಿ, ಕೆಂಚನಹಳ್ಳಿ, ಸರಗೂರುಗಳಲ್ಲಿ ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ಒಯ್ದದ್ದು ಈ ದೂರವನ್ನು ಕಡಿಮೆ ಮಾಡುವ ಯತ್ನ. ಭೇದಿ ಹತ್ತಿದ ಮಗುವಿಗೆ ಮೊದಲ ಆರು ಗಂಟೆಗಳಲ್ಲಿ ಗುಟುಕು ಗುಟುಕಾಗಿ ಜೀವಜಲ ಸಿಕ್ಕಿತೋ ಇಲ್ಲವೋ ಎಂಬುದೇ ಅಲ್ಲಿ ಬದುಕು ಸಾವಿನ ಲೆಕ್ಕ. ಜಗತ್ತಿನಲ್ಲಿ ಇಂದಿಗೂ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ನೆಲದಡಿಗೆ ಇಳಿದ ಗಡಿ

ನಮ್ಮ ಹಳ್ಳಿಗಳ ನೀರಿನ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು 1980ರ ದಶಕದ್ದು. ಪಂಚಾಯತ್ ರಾಜ್ ಮಂತ್ರಿಯಾಗಿದ್ದ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡರು. ಆಳದ ನೀರು ಕೈಪಂಪಿನಲ್ಲಿ ಬಂದಾಗ ತೆರೆದ ಬಾವಿಯ ರೋಗಗಳು ಹಿಂದೆ ಸರಿದವು. ಆಮೇಲೆ ತೊಂಬೆ, ಓವರ್‌ಹೆಡ್ ಟ್ಯಾಂಕು, ಬೀದಿ ನಲ್ಲಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಿಂದ ಮನೆ ಮನೆಗೆ ನಲ್ಲಿ. ಇದು ಸಣ್ಣ ಸಾಧನೆಯಲ್ಲ.

ಆದರೆ ರೋಗಾಣುವಿನ ಗಡಿಯೂ ನೀರಿನ ಜೊತೆಗೆ ನೆಲದಡಿಗೆ ಇಳಿದಿದೆ. ದಿನಕ್ಕೆ ಒಂದೆರಡು ಗಂಟೆ ನೀರು ಬಿಡುವ ಕೊಳವೆಯಲ್ಲಿ ಉಳಿದ ಹೊತ್ತು ಒತ್ತಡ ಇರುವುದಿಲ್ಲ. ಆಗ ಬಿರುಕಿನಿಂದ ಹೊರಗಿನ ಚರಂಡಿ ನೀರು ಒಳಗೆ ಹೀರಿಕೊಳ್ಳುತ್ತದೆ. ನೀರು ಏರುವುದಿಲ್ಲವೆಂದು ಮನೆ ಮುಂದೆ ಗುಂಡಿ ತೋಡಿ, ನಲ್ಲಿಯನ್ನು ತಗ್ಗಿಸಿದ ಕಡೆ ಅಪಾಯ ಇನ್ನೂ ಹೆಚ್ಚು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇ ತಿಂಗಳಲ್ಲಿ ಮೈಸೂರು ನಗರದ ಅಂಚಿನಲ್ಲೇ ಇರುವ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಜೀವಗಳನ್ನು ತೆಗೆದುಕೊಂಡಿತು. ಹೊಳೆಯ ನೀರಿನ ಕೊಳೆ ಕಣ್ಣಿಗೆ ಕಾಣುತ್ತಿತ್ತು. ಕೊಳವೆಯ ನೀರು ಕನ್ನಡಿಯಂತೆ ತಿಳಿಯಾಗಿದ್ದೂ ಕೊಲ್ಲಬಲ್ಲದು.

ಇದನ್ನು ತಡೆಯುವ ಕೆಲಸ ಊರಿನ ನೀರುಗಂಟಿಯ ಕೈಯಲ್ಲಿದೆ. ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಎಂಬುದು ಸಾಮಾನ್ಯ ಲೆಕ್ಕ. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ, ಜಾಡ್ಯದ ಕಾಲದಲ್ಲಿ ಅದರ ಎರಡರಷ್ಟು. ಹಾಕಿ ಅರ್ಧ ಗಂಟೆ ಬಿಡಬೇಕು. ತೆರೆದಿಟ್ಟ, ಮುಗ್ಗಿದ ಪುಡಿಯಲ್ಲಿ ಸತ್ವ ಇರುವುದಿಲ್ಲ. ಟ್ಯಾಂಕಿನ ಬುಡದಲ್ಲಿ ಕ್ಲೋರಿನ್ ಇದ್ದರೆ ಸಾಲದು, ಊರಿನ ಕಟ್ಟಕಡೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಕಟ್ಟಕಡೆಯ ನಲ್ಲಿ ಸಾಮಾನ್ಯವಾಗಿ ಯಾರ ಕೇರಿಯಲ್ಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ರೋಗ ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ. ಹನಿ ಔಷಧ ಹಾಕಿ ಬಣ್ಣ ನೋಡುವ ಪರೀಕ್ಷೆಯನ್ನು ಶಾಲೆಯ ಮಕ್ಕಳೂ ಮಾಡಬಲ್ಲರು.

ಕೃಷ್ಣರಾಜನಗರದ ಚರಿತ್ರೆಯೇ ಇಲ್ಲಿ ಒಂದು ಪಾಠ. ಕಾವೇರಿಯ ಪ್ರವಾಹಕ್ಕೆ ಎಡತೊರೆ ತತ್ತರಿಸಿದ ಮೇಲೆ ಹೊಳೆಯಿಂದ ಎತ್ತರದಲ್ಲಿ ಹೊಸ ಊರನ್ನು ಕಟ್ಟಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ನೀರಿನ ಗಡಿಯನ್ನು ನೋಡಿ ಊರಿನ ಜಾಗವನ್ನು ನಿರ್ಧರಿಸಿದ ಕೆಲಸ ಅದು. ಇಂದು ಊರುಗಳನ್ನು ಎತ್ತಿ ಕಟ್ಟಬೇಕಾಗಿಲ್ಲ. ಕುಡಿಯುವ ನೀರಿನ ಕೊಳವೆಯನ್ನು ಚರಂಡಿಯಿಂದ ಎತ್ತಿ ಬೇರೆ ಹಾಕಿದರೆ ಸಾಕು.

ಮಾರಿಹಬ್ಬಗಳು ಈಗಲೂ ನಡೆಯುತ್ತವೆ, ನಡೆಯಲಿ. ತಮಟೆಯವನು ಊರ ಗಡಿಗೆ ಹೋಗುವ ಮುಂಚೆ ಟ್ಯಾಂಕಿನ ಬುಡದಿಂದ ಕಡೆಯ ನಲ್ಲಿಯವರೆಗೆ ಕೊಳವೆಯ ಜಾಡು ಹಿಡಿದು ಒಂದು ಸುತ್ತು ಬರಲಿ, ಅವನ ಜೊತೆ ಊರಿನವರೂ ನಡೆಯಲಿ. ಎಲ್ಲಿ ಕೊಳವೆ ಚರಂಡಿಯನ್ನು ದಾಟುತ್ತದೆಯೋ ಅಲ್ಲಿ ತಮಟೆ ನಿಲ್ಲಲಿ. ಮಾರಿಯನ್ನು ದಾಟಿಸಬೇಕಾದ ಗಡಿ ಅದು. ಅಲ್ಲಿ ತಡೆದರೆ ಮುಂದಿನ ಊರಿಗೂ ಅವಳು ಹೋಗುವುದಿಲ್ಲ.